ಎರಡನೆಯ ಸುತ್ತು

ಒಂದು ತಾಸಿನ ವಿಡಿಯೊದಲ್ಲಿ 90,000 ಚಿತ್ರಗಳಿರುತ್ತವೆ, ಸೆಕೆಂಡಿಗೆ 25ರಂತೆ. ಡಿವಿಡಿ ಮಾಡಬೇಕೆಂದರೆ ಲ್ಯಾಪ್‌ಟಾಪು ಅಷ್ಟನ್ನೂ ಒಂದೊಂದಾಗಿ ಬಿಚ್ಚಿ, 720ಕ್ಕೆ 576ರ ಅಳತೆಗೆ ತಂದು, ಎಂಪೆಗ್-2 ರೂಪದಲ್ಲಿ ಹೊಸದಾಗಿ ಹಿಂಡಿ ಕೂಡಿಸಬೇಕು. ಡಿಸ್ಕಿಗೆ ಬರೆಯುವುದು 8ಎಕ್ಸ್ ವೇಗದಲ್ಲಿ ಹತ್ತು ನಿಮಿಷದ ಮಾತು. ಹೊತ್ತು ತಿನ್ನುವುದೆಲ್ಲ ಈ ಹಿಂಡುವ ಕೆಲಸವೇ. ಸೆಕೆಂಡಿಗೆ 11 ಚಿತ್ರ ಮುಗಿಸುವ ಹಳೆಯ ಯಂತ್ರಕ್ಕೆ ತಾಸಿನ ವಿಡಿಯೊಕ್ಕೆ ಎರಡು ತಾಸಿನ ಮೇಲೆ ಬೇಕು.

ಕನ್ನೊಳ್ಳಿಯ ನಮ್ಮ ಮನೆಯಲ್ಲಿ ನಡೆದ ಅತ್ತಿಯ ಮದುವೆಯ ವಿಡಿಯೊ ಮೂರು ತಾಸಿನದು. ಅರಿಷಿಣ, ಸುರಗಿ, ಅಕ್ಕಿಕಾಳು, ಪಂಕ್ತಿ, ಕಳಿಸುವಾಗಿನ ಅಳು. ಅದನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ಅಂದಗೆಡದಂತೆ ಹಿಡಿಸಬೇಕಾದರೆ ಯಂತ್ರ ಎರಡು ಸುತ್ತು ಹೊಡೆಯಬೇಕು. ಎಲ್ಲಿ ಎಷ್ಟು ಹಿಂಡಬಹುದೆಂದು ಮೊದಲನೆಯದರಲ್ಲಿ ಬರೀ ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಮಾಡುತ್ತದೆ.

ಆಯಿ ತೀರಿದ ಮೇಲೆ ಅತ್ತಿ ಬಂದು, "ತಮ್ಮಾ, ಅವ್ವನ್ನ ಒಮ್ಮಿ ನೋಡಬೇಕು, ನಮ್ಮ ಟಿವ್ಯಾಗ ಹತ್ತೂಹಂಗ ಮಾಡಿಕೊಡು" ಅಂದಿದ್ದಳು. ಹಗಲಿನ ಕರೆಂಟು ನೆಚ್ಚುವಂಥದಲ್ಲವೆಂದು ರಾತ್ರಿ ಊಟವಾದ ಮೇಲೆ ಪಡಸಾಲಿಯಲ್ಲಿ ಹಚ್ಚಿ ಕೂತೆವು. ತೆರೆಯ ಮೂಲೆಯಲ್ಲೊಂದು ಪುಟ್ಟ ಚೌಕ. ಅಲ್ಲಿ ಚಿತ್ರ ಕಾಣುತ್ತದೆ, ದನಿಯಿಲ್ಲ. ಅದೂ ನಿಜದ ನಡಿಗೆಗಿಂತ ಅರ್ಧ ನಿಧಾನ. ಓಣಿಯ ಹಿರಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ತೀರಿಹೋದವರು ಹಂದರದಲ್ಲಿ ಓಡಾಡುತ್ತಿದ್ದರು; ಯಾರ ಕೊರಳಲ್ಲಿ ಯಾವ ಸರ, ಯಾರು ಯಾರ ಮೇಲೆ ಸಿಟ್ಟಾಗಿ ದೂರ ನಿಂತಿದ್ದರು, ಎಲ್ಲ ಮಾತಿಗೆ ಬಂತು. ಸುರಗಿಯ ಹೊತ್ತಿಗೆ ಆಯಿಯ ತುಟಿ ಅಲುಗಿತು. "ಇದು ಯಾವ ಪದ?" ಎಂದು ಅವರಲ್ಲೇ ವಾದ ಹುಟ್ಟಿತು. ನಿರ್ಣಯವಾಗುವಷ್ಟರಲ್ಲಿ ಚಿತ್ರ ಮುಂದೆ ಹೋಗಿತ್ತು. ಬೆಳಗಿನ ಜಾವ ಮತ್ತೆ ಬರುತ್ತದೆ ಅಂದೆ.

ಬಂದರು. ಅಂಗಳ ಗುಡಿಸುವುದನ್ನು ಬಿಟ್ಟು ಬಂದರು. ಎರಡನೆಯ ಸುತ್ತಿನಲ್ಲಿ ಆಯಿ ಬಾಯಿ ತೆರೆದದ್ದೇ ತಡ, ಒಬ್ಬಾಕೆ ಎತ್ತಿಕೊಂಡಳು, ಉಳಿದವರು ಹಿಂದೆ ಹಿಡಿದರು. ತುಟಿ ನಿಧಾನ, ಪದವೂ ನಿಧಾನ. ಅಷ್ಟು ಎಳೆದು ಹಾಡಿದ ಸೋಬಾನವನ್ನು ನಾನು ಮತ್ತೆಂದೂ ಕೇಳಿಲ್ಲ. ಆಯಿಯ ದನಿ ಡಿಸ್ಕಿನಲ್ಲಿ ಬಂದೇ ಬರುತ್ತದೆಂದು ಎಲ್ಲರ ನಂಬಿಕೆ.

ಬರಲಿಲ್ಲ. ಟಿವಿಗೆ ಹಾಕಿದಾಗ ಮದುವೆಯುದ್ದಕ್ಕೂ ಸಿನಿಮಾ ಹಾಡು. ಆಗಿನ ಎಷ್ಟೋ ಮದುವೆ ವಿಡಿಯೊಗಳ ರೂಢಿಯದು: ಮೂಲದ ಸದ್ದು ತೆಗೆದು ಮೇಲೆ ಹಾಡು ಹೊದಿಸುವುದು. ಚಂದ ಕಾಣಲೆಂದೇ ಮಾಡುತ್ತಿದ್ದರು. ಆದರೆ ಎಷ್ಟು ಮನೆಗಳ ಆಯಿಯರ ದನಿ ಹಾಗೆ ಅಳಿಸಿಹೋಯಿತೋ! ನಮ್ಮದೇ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಅವರ ಕೈಯಲ್ಲಿ ಬರೀ ಕಾಗದವಿತ್ತು, ನುಡಿಗಳಾದರೂ ಉಳಿದವು. ನಮ್ಮ ಕೈಯಲ್ಲಿ ಕ್ಯಾಮೆರಾ ಇತ್ತು.

ಈಗಿನ ಬಹುತೇಕ ಲ್ಯಾಪ್‌ಟಾಪುಗಳಿಗೆ ಡಿಸ್ಕು ಹಾಕುವ ಬಾಯೇ ಇಲ್ಲ. ಆ ಮದುವೆ ಪೆನ್‌ಡ್ರೈವಿಗೆ ಹೋಗಿದೆ. ಹೋಗಲು ಕೆಲವೇ ನಿಮಿಷ ಹಿಡಿಯಿತು, ಯಾರೂ ಸುತ್ತ ಕೂರಲಿಲ್ಲ. ಅವತ್ತು ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಅತ್ತಿಗೆ ಆ ಪದದ ಮೊದಲ ಎರಡು ನುಡಿ ಬರುತ್ತವೆ, ಮೂರನೆಯದು ತಪ್ಪುತ್ತದೆ. ಇಂಡಿಯಲ್ಲಿ ಮಗಳ ಮನೆಯಲ್ಲಿರುವ ಒಬ್ಬ ಮುದುಕಿಗೆ ಪೂರಾ ಬರುತ್ತದಂತೆ. ಜೋಳದ ರಾಶಿ ಮುಗಿಯಲೆಂದು ಕಾಯದೆ ಈ ಸೋಮವಾರವೇ ಹೊರಟಿದ್ದೇವೆ.