ನೋಡದ ಗ್ರಂಥದ ಉಲ್ಲೇಖ

ಕೆಲವು ವರ್ಷಗಳ ಹಿಂದೆ ಬಸದಿಯೊಂದರ ಸ್ಮರಣ ಸಂಚಿಕೆಗಾಗಿ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯನ್ನು ಕುರಿತು ಲೇಖನವೊಂದನ್ನು ಬರೆದಿದ್ದೆ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ, ಕ್ರಿ.ಶ. 1129ರ ಈ ಸ್ತಂಭಶಾಸನವು ಆಚಾರ್ಯ ಪರಂಪರೆಯನ್ನು ಅರಿಯಲು ಅಮೂಲ್ಯವಾದ ಆಕರ. ಅಡಿಟಿಪ್ಪಣಿಯಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 2, 1923, ಶಾಸನ ಸಂಖ್ಯೆ 54’ ಎಂದು ನಮೂದಿಸಿದ್ದೆ.

ಕೆಲವು ತಿಂಗಳ ಬಳಿಕ ಸಂಶೋಧನೆಯಲ್ಲಿ ತೊಡಗಿದ್ದ ವಿದ್ಯಾರ್ಥಿನಿಯೊಬ್ಬಳಿಂದ ಪತ್ರ ಬಂದಿತು. ‘ಮಾನ್ಯರೇ, ತಾವು ಸೂಚಿಸಿದ ಸಂಪುಟವನ್ನು ಗ್ರಂಥಾಲಯದಲ್ಲಿ ತೆಗೆದು ನೋಡಿದೆ. ಆ ಸಂಖ್ಯೆಯಲ್ಲಿ ಬೇರೊಂದು ಶಾಸನವಿದೆ. ತಾವು ನೋಡಿದ ಪ್ರತಿ ಯಾವುದು?’

ನಾನು ಯಾವ ಪ್ರತಿಯನ್ನೂ ನೋಡಿರಲಿಲ್ಲ! ಸಂಪುಟದ ಹೆಸರನ್ನೂ ಸಂಖ್ಯೆಯನ್ನೂ ಜಾಲತಾಣವೊಂದರಿಂದ ತೆಗೆದುಕೊಂಡು, ಆವೃತ್ತಿಯ ವರ್ಷವನ್ನು ನಾನೇ ಊಹಿಸಿ ಸೇರಿಸಿದ್ದೆ. ಜಾಲತಾಣವನ್ನು ಹೆಸರಿಸಿದರೆ ಲೇಖನದ ತೂಕ ಕುಗ್ಗೀತೆಂಬ ಅಳುಕಿನಿಂದ ಗ್ರಂಥವನ್ನಷ್ಟೇ ಹೆಸರಿಸಿದ್ದೆ. ಬಿ.ಎಲ್. ರೈಸ್ ಅವರ 1889ರ ಆವೃತ್ತಿಯಲ್ಲಿ ಆ ಶಾಸನದ ಸಂಖ್ಯೆ 54, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ ಅದು 67. ಆಕೆ ಪರಿಶೀಲಿಸದೆ ತನ್ನ ಮಹಾಪ್ರಬಂಧದಲ್ಲಿ ಸೇರಿಸಿಕೊಂಡಿದ್ದರೆ ನನ್ನ ತಪ್ಪು ಆಕೆಯ ತಪ್ಪಾಗುತ್ತಿತ್ತು.

ಆ ಪುಟವನ್ನು ಮತ್ತೆ ಹುಡುಕಿದೆ. ವಿಳಾಸವನ್ನು ಬರೆದಿಟ್ಟುಕೊಂಡಿರಲಿಲ್ಲವಾದ್ದರಿಂದ ದೊರೆಯಲಿಲ್ಲ. ತಪ್ಪನ್ನೊಪ್ಪಿ ಆಕೆಗೆ ಉತ್ತರಿಸಿದೆ. ಸಂಪಾದಕರಿಗೂ ತಿದ್ದುಪಡಿ ಕಳುಹಿಸಿದೆ. ಆದರೆ ಅಚ್ಚಾದ ಪ್ರತಿಗಳು ಅದಾಗಲೇ ಮನೆಮನೆ ಸೇರಿದ್ದವು.

ಮುದ್ರಿತ ಗ್ರಂಥ ಕಪಾಟಿನಲ್ಲಿ ಇದ್ದಂತೆಯೇ ಇರುತ್ತದೆ. ಜಾಲತಾಣದ ಪುಟ ಇಂದು ಇದ್ದಂತೆ ನಾಳೆ ಇರದು. ಕೆಲವೊಮ್ಮೆ ಇಲ್ಲವೇ ಆಗುತ್ತದೆ. ಆದುದರಿಂದ ಲೇಖಕರ ಹೆಸರು, ಪುಟದ ಶೀರ್ಷಿಕೆ, ಜಾಲತಾಣದ ಹೆಸರು, ಪ್ರಕಟವಾದ ದಿನಾಂಕ, ಪೂರ್ಣ ವಿಳಾಸ ಇವಿಷ್ಟನ್ನೂ ಕೊಡಬೇಕು. ಬದಲಾಗಬಹುದಾದ ಪುಟವಾದರೆ ನಾವು ನೋಡಿದ ದಿನಾಂಕವೂ ಬೇಕು. ಲೇಖಕರ ಹೆಸರಿಲ್ಲದಿದ್ದರೆ ಶೀರ್ಷಿಕೆಯಿಂದ ಆರಂಭಿಸಬಹುದು. 2001ರಿಂದ ಸಾರ್ವಜನಿಕರಿಗೆ ತೆರೆದಿರುವ ‘ವೇಬ್ಯಾಕ್ ಮಷೀನ್’ ಎಂಬ ಸಂಗ್ರಹದಲ್ಲಿ ಪುಟದ ಪ್ರತಿಯೊಂದನ್ನು ಉಳಿಸಿಡುವುದು ಇನ್ನೂ ಕ್ಷೇಮ. ಹಳೆಯ ಗ್ರಂಥದ ಸ್ಕ್ಯಾನ್ ಪ್ರತಿಯನ್ನು ಓದಿದ್ದರೆ ಆವೃತ್ತಿ, ವರ್ಷ, ಪುಟಸಂಖ್ಯೆಗಳನ್ನು ಹೇಳಿ, ಅದು ದೊರೆತ ತಾಣವನ್ನು ಸೂಚಿಸಬೇಕು. ಗ್ರಂಥವನ್ನು ನೋಡದೆ, ಅದರ ಮಾತನ್ನು ಬೇರೊಬ್ಬರ ಪುಟದಲ್ಲಿ ಓದಿದ್ದರೆ ಹಾಗೆಂದೇ ಬರೆಯಬೇಕು.

ಇದು ಕೇವಲ ಬರವಣಿಗೆಯ ಶಿಸ್ತಲ್ಲ. ಆ ಪುಟವನ್ನು ಸಿದ್ಧಪಡಿಸಿದವರ ಶ್ರಮವನ್ನು ಮರೆಮಾಚಿದ್ದು ಅಚೌರ್ಯಕ್ಕೆ ಬಂದ ಭಂಗ. ಓದದುದನ್ನು ಓದಿದಂತೆ ತೋರಿದ್ದು ಸತ್ಯಕ್ಕೆ ಬಂದ ಭಂಗ. ಹಣದ ವಿಷಯದಲ್ಲಿ ಎಚ್ಚರದಿಂದಿದ್ದ ನಾನು ಅಕ್ಷರದ ವಿಷಯದಲ್ಲಿ ಮೈಮರೆತೆ.

ಸ್ಮರಣ ಸಂಚಿಕೆಗಳನ್ನು ಹೊರತರುವ ಟ್ರಸ್ಟಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಲೇಖನ ಕೈಗೆ ಬಂದಾಗ, ಆ ವಿದ್ಯಾರ್ಥಿನಿ ನನಗೆ ಕೇಳಿದ ಪ್ರಶ್ನೆಯನ್ನು ಅಚ್ಚಿಗೆ ಮೊದಲೇ ಲೇಖಕರಿಗೆ ಕೇಳಿರಿ. ಕೇಳಿಸಿಕೊಂಡವರು ಬೇಸರಿಸಬೇಕಾಗಿಲ್ಲ, ನನಗೆ ಅದು ತಡವಾಗಿ ಬಂದ ಉಪಕಾರ.