ನಾದಿನಿಯ ಹಿತ್ತಲಲ್ಲಿ ನಾಲ್ಕು ದಿನ

“ಹಿತ್ತಲಲ್ಲಿ ನಾಲ್ಕು ಕೋಳಿ, ಎರಡು ಬಾತು ಬಿಟ್ಟುಕೊಂಡರೆ ಮನೆಗೆ ಮೊಟ್ಟೆಯ ಖರ್ಚೇ ಇಲ್ಲ ನೋಡಿ” ಎಂದು ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. ಹೇಳಿದವರು ಬಹುಮಟ್ಟಿಗೆ ಗಂಡಸರೇ. ಹಿತ್ತಲು ಗುಡಿಸುವವರ ಬಾಯಲ್ಲಿ ಈ ಮಾತು ಬರುವುದು ಕಡಿಮೆ. ನಿಮಗೂ ಅಂಥ ಆಸೆ ಹುಟ್ಟಿದ್ದರೆ, ಮರಿ ತರುವ ಮೊದಲು ನನ್ನ ಜೊತೆ ಶ್ರೀರಂಗಪಟ್ಟಣದ ಕಡೆಯ ಒಂದು ಹಳ್ಳಿಗೆ ಬನ್ನಿ.

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹದಿನೈದು ಕಿಲೋಮೀಟರ್ ಚಿಲ್ಲರೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಒಳಕ್ಕೆ ಹೋಗಬೇಕು. ಕಾವೇರಿಯ ನೀರು ನಾಲೆಗಳಲ್ಲಿ ಹರಿಯುವ ಸೀಮೆ. ಎತ್ತ ನೋಡಿದರೂ ಭತ್ತ, ಕಬ್ಬು, ನಡುನಡುವೆ ತೆಂಗು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯ ಕವಲೊಂದು ನಮ್ಮ ನಾದಿನಿಯ ಹಿತ್ತಲ ಬೇಲಿಯನ್ನು ಸವರಿಕೊಂಡೇ ಹೋಗುತ್ತದೆ. ನೀರು ಇಷ್ಟು ಹತ್ತಿರ ಇದ್ದರೆ ಬಾತು ಸಾಕದೆ ಇರಲು ಮನಸ್ಸು ಬರುತ್ತದೆಯೇ? ಅವಳಲ್ಲಿ ಹನ್ನೆರಡು ಹೇಂಟೆ, ಒಂದು ಹುಂಜ, ಆರು ಬಾತು. ಬಾತುಗಳಲ್ಲಿ ಒಂದು ಗಂಡು.

ನಾನು ಅಲ್ಲಿಗೆ ಹೋದದ್ದು ನೆಂಟಸ್ತನಕ್ಕಲ್ಲ, ಕಾವಲಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ತಪ್ಪಿದ ಮೇಲೆ ಅವರ ಬೀದಿಯವರೆಲ್ಲ ಧರ್ಮಸ್ಥಳ, ಕುಕ್ಕೆ ಎಲ್ಲ ನೋಡಿ ಬಂದರು. ಇವಳೊಬ್ಬಳು ಉಳಿದಳು. ನಮ್ಮ ಮಗಳ ಮದುವೆಗೂ ಬೆಳಿಗ್ಗೆ ಧಾರೆಗೆ ಬಂದು, ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಟುಬಿಟ್ಟಿದ್ದಳು. “ಬಸ್ ಚಾರ್ಜು ಯಾರೋ ಕೊಟ್ರು ಅತ್ತಿಗೆ, ಕೋಳಿ ಗೂಡಿನ ಬಾಗ್ಲು ಯಾರು ಹಾಕ್ತಾರೆ?” ಎನ್ನುತ್ತಾಳೆ. ಮಗ ಕಬ್ಬಿನ ಟ್ರಾಕ್ಟರ್ ಓಡಿಸುತ್ತಾನೆ, ಕಟಾವಿನ ಕಾಲದಲ್ಲಿ ರಾತ್ರಿ ಹಗಲು ಗೊತ್ತಿಲ್ಲ. ಸೊಸೆ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಏಳಕ್ಕೇ ಹೊರಡುತ್ತಾಳೆ. “ಮಾರಿಬಿಡಿ ಅತ್ತೆ, ಅಂಗಡೀಲಿ ಮೊಟ್ಟೆ ಸಿಕ್ಕಲ್ವಾ? ಮನೆಯೆಲ್ಲ ವಾಸನೆ” ಎಂಬುದು ಸೊಸೆಯ ಮಾತು. ಅವಳ ಮಾತೂ ಸುಳ್ಳಲ್ಲ. ಹೋದ ಕಾರ್ತಿಕದಲ್ಲಿ ನಾನೇ ಹಟ ಹಿಡಿದು, “ನೀನೂ ನಿನ್ನ ಯಜಮಾನರೂ ಲಕ್ಷದೀಪೋತ್ಸವ ನೋಡಿಕೊಂಡು ಬನ್ನಿ, ನಾಲ್ಕು ದಿನ ನಾನಿರ್ತೀನಿ” ಎಂದು ಚೀಲ ಹಿಡಿದು ಹೋದೆ.

ಬೆಳಗಿನ ಕೆಲಸದಿಂದಲೇ ಹೇಳುತ್ತೇನೆ. ಕೋಳಿಯನ್ನು ಬೆಳಕು ಹರಿಯುತ್ತಲೇ ಬಿಡಬಹುದು. ಬಾತು ಹಾಗಲ್ಲ, ಅದು ಮೊಟ್ಟೆ ಇಡುವುದು ರಾತ್ರಿಯ ಕೊನೆಯಿಂದ ಬೆಳಗಿನ ಎಂಟು ಒಂಬತ್ತರವರೆಗೆ. ಅಷ್ಟರೊಳಗೆ ಬಿಟ್ಟಿರೋ, ಮೊಟ್ಟೆ ಗದ್ದೆ ಬದುವಿಗೋ ನಾಲೆಯ ನೀರಿಗೋ ಅರ್ಪಣೆ. ಅವು ಒಳಗೆ ಗಲಾಟೆ ಮಾಡುತ್ತಿರುತ್ತವೆ, ನೀವು ಕಿವಿ ಮುಚ್ಚಿಕೊಂಡು ಕಾಫಿ ಕುಡಿಯಬೇಕು. ಆಮೇಲೆ ಬಾಗಿಲು ತೆರೆದಾಗ ಬರುವ ಗಾಳಿ ಇದೆಯಲ್ಲ, ಕಣ್ಣಲ್ಲಿ ನೀರು ಬರಿಸುತ್ತದೆ! ಕೋಳಿಯ ಹಿಕ್ಕೆ ಗಟ್ಟಿ, ಬೂದಿ ಉದುರಿಸಿ ಕಡ್ಡಿ ಪೊರಕೆಯಲ್ಲಿ ಎಳೆದರೆ ಬರುತ್ತದೆ. ಬಾತುವಿನದು ನೀರು. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನೆಲ್ಲ ಒಂದೇ ರಾತ್ರಿಗೆ ನೆನೆಸಿಬಿಡುತ್ತದೆ. ನೆನೆದ ಕಡೆಯ ಹೊಟ್ಟನ್ನು ಅಂದಂದೇ ಸನಿಕೆಯಿಂದ ತೆಗೆದು, ಒಣ ಹೊಟ್ಟು ಹಾಕಿ, ವಾರಕ್ಕೊಮ್ಮೆ ಸ್ವಲ್ಪ ಸುಣ್ಣದ ಪುಡಿ ಬೆರೆಸಿದರೆ ವಾಸನೆ ಹತೋಟಿಗೆ ಬರುತ್ತದೆ. ಹೊಟ್ಟು ನಾಲ್ಕು ಬೆರಳು ದಪ್ಪವಿರಬೇಕು. ಕಾಸು ಉಳಿಸಲು ತೆಳ್ಳಗೆ ಹಾಸಿದರೆ ನೊಣಕ್ಕೆ ಕರೆಯೋಲೆ ಕಳಿಸಿದಂತೆ.

ಆದರೆ ನಿಜವಾದ ರಾದ್ಧಾಂತ ಇರುವುದು ಹಿಕ್ಕೆಯಲ್ಲಲ್ಲ, ನೀರಿನಲ್ಲಿ. ಬಾತುವಿಗೆ ಈಜಲು ಕೆರೆ ಇಲ್ಲದಿದ್ದರೂ ನಡೆಯುತ್ತದೆ, ತಲೆ ಮುಳುಗಿಸುವಷ್ಟು ಆಳದ ನೀರು ಮಾತ್ರ ಬೇಕೇಬೇಕು. ಮೂಗಿನ ಹೊಳ್ಳೆ, ಕಣ್ಣು ತೊಳೆದುಕೊಳ್ಳದಿದ್ದರೆ ಅದಕ್ಕೆ ಖಾಯಿಲೆ ಬರುತ್ತದೆ. ತೌಡು ನುಚ್ಚು ತಿನ್ನುವಾಗಲೂ ಪಕ್ಕದಲ್ಲಿ ನೀರಿರಬೇಕು, ಇಲ್ಲವಾದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಬಾಯಿ ತೌಡು, ಓಡಿಹೋಗಿ ಒಂದು ಬಾಯಿ ನೀರು, ಮತ್ತೆ ತೌಡು. ಅರ್ಧ ಗಂಟೆಯಲ್ಲಿ ಬೇಸಿನ್ನಿನ ನೀರು ಅಂಬಲಿಯಾಗಿರುತ್ತದೆ, ಸುತ್ತಲ ನೆಲ ನಾಟಿಗೆ ಹದ ಮಾಡಿದ ಗದ್ದೆಯಾಗಿರುತ್ತದೆ. ಆ ಕೆಸರನ್ನು ಕೊಕ್ಕಿನಲ್ಲಿ ಇನ್ನಷ್ಟು ತೋಡಿ ಅವು ಸಂಭ್ರಮಿಸುತ್ತವೆ. ದಿನಕ್ಕೆ ಮೂರು ಸಲ ಆ ನೀರು ಚೆಲ್ಲಿ, ತಿಕ್ಕಿ, ಹೊಸ ನೀರು ತುಂಬಬೇಕು. ತುಂಬಿದ ಬೇಸಿನ್ನು ಎತ್ತುವಾಗ ಸೊಂಟ ತನ್ನ ವಯಸ್ಸು ಹೇಳುತ್ತದೆ.

ಇದಕ್ಕೆ ನಾದಿನಿ ಕಂಡುಕೊಂಡಿರುವ ಉಪಾಯ ಬಹಳ ಚೆನ್ನಾಗಿದೆ. ಬಾಳೆಗಿಡಗಳ ಪಕ್ಕ ಮೊಣಕಾಲುದ್ದ ಗುಂಡಿ ತೆಗೆಸಿ, ಅದಕ್ಕೆ ದಪ್ಪ ಜಲ್ಲಿ ತುಂಬಿಸಿ, ಮೇಲೆ ಕಬ್ಬಿಣದ ಜಾಲರಿ ಹಾಸಿ ಬೇಸಿನ್ನು ಇಟ್ಟಿದ್ದಾಳೆ. ಚೆಲ್ಲಿದ ನೀರು ಜಲ್ಲಿಗೆ ಇಳಿದು ಬಾಳೆಯ ಬೇರಿಗೆ ಹೋಗುತ್ತದೆ, ಕೆಸರಿಲ್ಲ. ಆ ಬಾಳೆಯ ಗೊನೆ ನೋಡಬೇಕು ನೀವು! ನೀರಿನ ಜಾಗ ಗೂಡಿನಿಂದ ದೂರವಿರಲಿ, ಗೂಡಿನ ಒಳಗಂತೂ ದೊಡ್ಡ ಬೇಸಿನ್ನು ಬೇಡವೇ ಬೇಡ. ಕೋಳಿಗೂ ಬಾತುವಿಗೂ ಒಂದೇ ಗೂಡು ಸಾಕು ಎನ್ನುವವರ ಮಾತನ್ನೂ ಕೇಳಬೇಡಿ. ಕೋಳಿ ಒಣ ಜಾತಿ, ಬಾತು ಒದ್ದೆ ಜಾತಿ. ಬಾತುವಿನ ತೇವದಲ್ಲಿ ಕೋಳಿಗೆ ರೋಗ ಹತ್ತುತ್ತದೆ. ಕೋಳಿಗೆ ಬೇಕಾದದ್ದು ಹೊರಳಾಡಲು ಒಣ ಮಣ್ಣು. ಹಳೆಯ ಟೈರಿನೊಳಗೆ ಮಣ್ಣು, ಒಲೆಯ ಬೂದಿ, ಒಣಗಿದ ಬೇವಿನೆಲೆ ಹಾಕಿಟ್ಟರೆ ಅದರಲ್ಲೇ ಮಿಂದು ಹೇನು ಕಳೆದುಕೊಳ್ಳುತ್ತವೆ.

ಹಾಗೆಂದು ಕೋಳಿ ಸಾಧು ಅಂದುಕೊಳ್ಳಬೇಡಿ. ಕೊತ್ತಂಬರಿ ಮಡಿ, ದಂಟಿನ ಸಾಲು, ಅರಿಶಿನದ ಬುಡ ಯಾವುದನ್ನೂ ಕೆರೆಯದೆ ಬಿಡುವುದಿಲ್ಲ. ತುಳಸಿಕಟ್ಟೆಗೂ ಮುಳ್ಳು ಕಟ್ಟಿಟ್ಟಿದ್ದಾಳೆ. ಬಾತು ಕೆರೆಯುವುದಿಲ್ಲ, ಗಿಡದ ಬುಡದ ಬಸವನಹುಳುಗಳನ್ನು ಹುಡುಕಿ ತಿನ್ನುತ್ತದೆ. ಆದರೆ ಎಳೆ ಸಸಿಗಳನ್ನು ತುಳಿದು ಚಪಾತಿ ಮಾಡುತ್ತದೆ. ಇನ್ನು ಗೊಬ್ಬರ. ಹಸಿ ಕೋಳಿಗೊಬ್ಬರವನ್ನು ನೇರ ಗಿಡಕ್ಕೆ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ತರಗೆಲೆ ಜೊತೆ ತಿಪ್ಪೆಯಲ್ಲಿ ಎರಡು ಮೂರು ತಿಂಗಳು ಕೊಳೆಯಬೇಕು.

ಆ ಊರಿನಿಂದ ರಂಗನತಿಟ್ಟು ಬಹಳ ದೂರವಿಲ್ಲ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ಜನ ದೋಣಿಯಲ್ಲಿ ಕೂತು, ಕೊಕ್ಕರೆ ಹೆಜ್ಜಾರ್ಲೆಗಳನ್ನು ನೋಡಿ “ಆಹಾ” ಎನ್ನುತ್ತಾರೆ. ಅಲ್ಲಿ ಬಳಿಯಲು ಕಾವೇರಿಯಿದ್ದಾಳೆ, ಇಲ್ಲಿ ನಾವಿದ್ದೇವೆ.

ಸಂಜೆಯದು ಇನ್ನೊಂದು ಪರೀಕ್ಷೆ. ಕತ್ತಲಾಗುತ್ತಲೇ ಕೋಳಿ ತಾನಾಗಿ ಗೂಡು ಸೇರುತ್ತದೆ. ಬಾತುವನ್ನು ನಾಲೆಯಿಂದ ಕರೆದು ತರಬೇಕು. ಡಬ್ಬದಲ್ಲಿ ಒಂದು ಹಿಡಿ ಭತ್ತ ಹಾಕಿ ಅಲ್ಲಾಡಿಸುತ್ತಾ “ಬಾ ಬಾ ಬಾ” ಎಂದು ನಾಲೆಯ ಏರಿಯ ಮೇಲೆ ನಿಂತರೆ, ಅವು ತಲೆ ಎತ್ತಿ ನೋಡಿ, ಆಲೋಚಿಸಿ, ಸಾಲಾಗಿ ದಡ ಹತ್ತುತ್ತವೆ. ಎಣಿಸಬೇಕು. ಒಂದು ಹೊರಗುಳಿದರೂ ಮುಂಗುಸಿಯೋ ಕಾಡುಬೆಕ್ಕೋ ಬೀದಿನಾಯಿಯೋ ಬೆಳಗಾಗುವುದರೊಳಗೆ ಲೆಕ್ಕ ಚುಕ್ತಾ ಮಾಡುತ್ತದೆ. ನಾದಿನಿ ಒಂದು ರಾತ್ರಿಯೂ ಊರು ಬಿಡದಿದ್ದುದು ಈ ಹತ್ತು ನಿಮಿಷದ ಕೆಲಸಕ್ಕಾಗಿ. ದಿನವಿಡೀ ಬೇರೆ ಯಾರು ಏನು ಮಾಡಿದರೂ, ಈ ಹತ್ತು ನಿಮಿಷಕ್ಕೆ ಆಳು ಇಲ್ಲದಿದ್ದರೆ ಹೆಂಗಸು ಕಟ್ಟುಬಿದ್ದಳು.

ರೋಗದ ಭಯ ಬೇರೆ. ಕೊಕ್ಕರೆ ರೋಗ ಬಂದರೆ ಬೀದಿಯ ಗೂಡುಗಳೆಲ್ಲ ವಾರದಲ್ಲಿ ಖಾಲಿ. ಮರಿಗೆ ಮೊದಲ ವಾರದಲ್ಲೇ ಲಸಿಕೆಯ ಹನಿ ಹಾಕಿಸಬೇಕು, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು. ಒಂದು ಸೀಸೆ ನೂರು ಕೋಳಿಗೆ ಆಗುತ್ತದೆ, ಕಲಸಿದ ಮೇಲೆ ನಾಳೆಗೆ ಇಡುವಂತಿಲ್ಲ. ಅದಕ್ಕೆ ಅವರ ಬೀದಿಯ ಹೆಂಗಸರೆಲ್ಲ ಸೇರಿ ಒಂದೇ ದಿನ ಹಾಕಿಸುತ್ತಾರೆ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಂಡಾಗ ಸುತ್ತಮುತ್ತಲ ಸಾಕುಕೋಳಿಗಳನ್ನೆಲ್ಲ ಕೊಂದು ಹೂತರು. ಆ ದಿನಗಳಲ್ಲಿ ಇವಳಿಗೆ ನಿದ್ದೆಯೇ ಇರಲಿಲ್ಲವಂತೆ. ಕುಯ್ಲು ಮುಗಿದ ಗದ್ದೆಗಳಿಗೆ ಉದುರಿದ ಕಾಳು ಮೇಯಿಸಲು ಹೊರಗಿನವರು ನೂರಾರು ಬಾತುಗಳ ಹಿಂಡು ಹೊಡೆದುಕೊಂಡು ಬರುತ್ತಾರೆ. ನೋಡಲು ಕಣ್ಣಿಗೆ ಹಬ್ಬ. ಆದರೆ ಆ ಹಿಂಡು ಇಳಿದ ಗದ್ದೆಗೆ ನಾದಿನಿ ತನ್ನ ಬಾತು ಬಿಡುವುದಿಲ್ಲ. ಗೂಡಿಗೆ ಹೋಗುವ ಚಪ್ಪಲಿಯೂ ಬೇರೆ, ಅದು ಅಡುಗೆಮನೆಯ ಹೊಸ್ತಿಲು ಕಾಣುವುದಿಲ್ಲ. ತಾನಾಗಿ ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸಾರಿಗಂತೂ ಹಾಕಲೇಬೇಡಿ. ಒಟ್ಟೊಟ್ಟಿಗೆ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ.

ಇಷ್ಟೆಲ್ಲ ಪಟ್ಟು ಬರುವುದೇನು? ನಾನಿದ್ದಾಗ ದಿನಕ್ಕೆ ನಾಲ್ಕು ಬಾತುಮೊಟ್ಟೆ, ಮೂರೋ ನಾಲ್ಕೋ ನಾಟಿ ಮೊಟ್ಟೆ. ಕಾವು ಕೂತ ಹೇಂಟೆಯೊಂದರ ಕೆಳಗೆ ಎಂಟು ಬಾತುಮೊಟ್ಟೆ ಇದ್ದವು. ಕೋಳಿಮೊಟ್ಟೆಗೆ ಇಪ್ಪತ್ತೊಂದು ದಿನ ಸಾಕು, ಬಾತುವಿಗೆ ಇಪ್ಪತ್ತೆಂಟು. ಪಾಪ, ಆ ತಾಯಿ ಒಂದು ವಾರ ಹೆಚ್ಚಿಗೆ ಕೂರಬೇಕು. ಮೊಟ್ಟೆಯನ್ನು ತೊಳೆದಿಡಬೇಡಿ, ಬೇಗ ಕೆಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿಡಿ. ಬಾತುಮೊಟ್ಟೆಯನ್ನು ಅರೆಬೇಯಿಸಿ ತಿನ್ನುವುದು ಒಳ್ಳೆಯದಲ್ಲ. ಗಟ್ಟಿಯಾಗಿ ಬೇಯಿಸಿ, ಮೆಣಸು ಬೆಳ್ಳುಳ್ಳಿ ಮುಂದು ಮಾಡಿ ಸಾರಿಟ್ಟರೆ ಹಸಿವಾಸನೆ ಇರುವುದಿಲ್ಲ.

ಮೊಟ್ಟೆಯ ದುಡ್ಡು ಸಾಸಿವೆ ಡಬ್ಬಕ್ಕೆ ಹೋಗುತ್ತದೆ. ದೊಡ್ಡ ಮೊತ್ತವೇನಲ್ಲ. ಹೊಟ್ಟು, ತೌಡು, ನುಚ್ಚಿನ ಲೆಕ್ಕ ಹಿಡಿದರೆ ಇನ್ನೂ ಇಳಿಯುತ್ತದೆ, ತನ್ನ ಮೈಮುರಿತದ ಲೆಕ್ಕ ಅವಳು ಹಿಡಿಯುವುದೇ ಇಲ್ಲ. ಆದರೂ ಅವಳ ಕನ್ನಡಕ, ಮಂಡಿನೋವಿನ ಮಾತ್ರೆ, ತವರಿನ ಮಕ್ಕಳ ಕೈಗಿಡುವ ಕಾಸು ಎಲ್ಲ ಆ ಡಬ್ಬದಿಂದಲೇ. “ಯಾರ ಮುಂದೂ ಕೈ ಒಡ್ಡಲ್ಲ ಅತ್ತಿಗೆ” ಎನ್ನುವಾಗ ಅವಳ ಮುಖ ನೋಡಬೇಕು. ಮಾರಿಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ.

ಮೂರನೆಯ ಸಂಜೆ ಅಳಿಯ ಬೇಗ ಮನೆಗೆ ಬಂದ. ಭತ್ತದ ಡಬ್ಬವನ್ನು ಅವನ ಕೈಗೆ ಕೊಟ್ಟು, “ನಡಿಯಪ್ಪ, ಏರಿ ಮೇಲೆ ನಿಂತು ಕರಿ” ಎಂದೆ. ಸ್ನೇಹಿತರು ಕಂಡಾರೆಂದು ಸುತ್ತಮುತ್ತ ನೋಡಿ, ಸಣ್ಣ ದನಿಯಲ್ಲಿ ಕರೆದ. ಬಾತು ಕಿವಿಗೇ ಹಾಕಿಕೊಳ್ಳಲಿಲ್ಲ. “ಟ್ರಾಕ್ಟರ್ ಹಾರನ್ನಿಗಿಂತ ಜೋರಾಗಿ” ಎಂದೆ. ಕರೆದ, ಬಂದವು. ಸೊಸೆ ಅಡುಗೆಮನೆಯ ಕಿಟಕಿಯಿಂದ ನಗುತ್ತಿದ್ದಳು. ನಾಲ್ಕನೆಯ ದಿನ ಅವಳೇ ಎಣಿಸಿ ಬಾಗಿಲು ಹಾಕಿದಳು, ಸೆರಗನ್ನು ಮೂಗಿಗೆ ಹಿಡಿದುಕೊಂಡೇ.

ನಾದಿನಿ ಧರ್ಮಸ್ಥಳದ ಪ್ರಸಾದ ಕೈಗಿಡುವ ಮೊದಲೇ ಹಿತ್ತಲಿಗೆ ಹೋಗಿ ಎಣಿಸಿ ಬಂದಳು. ಬರುವ ಯುಗಾದಿಗೆ ಎರಡು ರಾತ್ರಿ ನಮ್ಮ ಮನೆಯಲ್ಲಿ ಉಳಿಯುವುದೆಂದು ಮಾತಾಗಿದೆ. ಮಗ ಒಪ್ಪಿದ್ದಾನೆ, ಸೊಸೆ ಒಂದು ಕರಾರು ಹಾಕಿದ್ದಾಳೆ: ಬೇಸಿನ್ನು ತಿಕ್ಕುವುದು ಗಂಡನೇ.