ಗಿಟಾರಿನ ದಂಡಿ ಮತ್ತು ಸವಕಳಿಯ ಲೆಕ್ಕ

ಗಿಟಾರ್ ಎಂದರೆ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಅದರ ಹೊಟ್ಟೆ. ಆದರೆ ಮನೆಯಲ್ಲೇ ಗಿಟಾರ್ ಮಾಡಲು ಕೂತವರಿಗೆ ಹೊಟ್ಟೆ ದೊಡ್ಡ ವಿಷಯವಲ್ಲ. ಗಟ್ಟಿಯಾದ ಯಾವ ಪೆಟ್ಟಿಗೆಯಾದರೂ ನಡೆಯುತ್ತದೆ. ನಿಜವಾದ ಕೆಲಸ ಇರುವುದು ದಂಡಿಯಲ್ಲಿ, ಅಂದರೆ ತಂತಿಗಳು ಹಾಯ್ದು ಹೋಗುವ, ಎಡಗೈ ಬೆರಳುಗಳು ಓಡಾಡುವ ಆ ಉದ್ದನೆಯ ಕಟ್ಟಿಗೆಯಲ್ಲಿ. ಈ ಬೇಸಿಗೆ ರಜೆಯಲ್ಲಿ ಮನ್ನಳ್ಳಿಯ ನಮ್ಮ ಮನೆಯಂಗಳದಲ್ಲಿ ಅಬ್ಬಾ ಮತ್ತು ನಾನು ಸೇರಿ ಅಂಥದೊಂದು ದಂಡಿ ಮಾಡಿದೆವು. ಅದು ಹೇಗಾಯಿತು, ಅದರಿಂದ ನಮ್ಮ ಮನೆಯಲ್ಲಿ ಏನು ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಸಿಗಾರ್ ಬಾಕ್ಸ್ ಗಿಟಾರ್ ಎಂದು ಹೆಸರು. ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಸಿಗಾರ್‌ಗಳನ್ನು ಸಣ್ಣ ಮರದ ಪೆಟ್ಟಿಗೆಗಳಲ್ಲಿ ಮಾರುತ್ತಿದ್ದರು. ಗಿಟಾರ್ ಕೊಳ್ಳಲು ಹಣವಿಲ್ಲದ ಜನ ಖಾಲಿ ಪೆಟ್ಟಿಗೆಗೆ ಒಂದು ಕೋಲು ಸೇರಿಸಿ, ತಂತಿ ಬಿಗಿದು ನುಡಿಸಿದರು. ಎಡ್ವಿನ್ ಫೋರ್ಬ್ಸ್ ಎಂಬ ಕಲಾವಿದನ 1876ರ ಚಿತ್ರವೊಂದರಲ್ಲಿ ಅಲ್ಲಿನ ಅಂತರ್ಯುದ್ಧದ ಸೈನಿಕನೊಬ್ಬ ಇಂಥ ಪೆಟ್ಟಿಗೆಯಿಂದ ಮಾಡಿದ ಪಿಟೀಲು ನುಡಿಸುತ್ತಿದ್ದಾನೆ. ಬ್ಲೂಸ್ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ ಲೈಟ್ನಿನ್ ಹಾಪ್ಕಿನ್ಸ್ ಬಾಲ್ಯದಲ್ಲಿ ತನ್ನ ಮೊದಲ ಗಿಟಾರನ್ನು ಸಿಗಾರ್ ಪೆಟ್ಟಿಗೆಯಿಂದಲೇ ಮಾಡಿಕೊಂಡಿದ್ದ.

ನಮಗೆ ಇದೇನೂ ಪರದೇಶದ ಮಾತಲ್ಲ. ನಮ್ಮ ಕಲ್ಯಾಣ ಕರ್ನಾಟಕದ ತತ್ವಪದಕಾರರ ಕೈಯಲ್ಲಿರುವ ಏಕತಾರಿಯೂ ಇದೇ ಜಾತಿಯದು. ಒಣಗಿದ ಸೋರೆಬುರುಡೆ, ಅದಕ್ಕೊಂದು ಬಿದಿರಿನ ಕೋಲು, ಒಂದು ತಂತಿ. ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರಿನ ಜಲಾಲ್ ಸಾಹೇಬರೂ ಒಬ್ಬರು. ಧಾರವಾಡದ ಕಡೆಗೆ ಹೋದರೆ ಶಿಶುನಾಳ ಶರೀಫ ಸಾಹೇಬರು (1819-1889). ಮನೆಯಲ್ಲಿ ಉರ್ದು ಮಾತಾಡುವ ನನ್ನಂಥವರಿಗೆ ಈ ಹೆಸರುಗಳು ಕನ್ನಡ ಪಾಠದಷ್ಟೇ ಮನೆಯ ವಿಷಯವೂ ಹೌದು. ಏಕತಾರಿಗೂ ನಾನು ಮಾಡಬೇಕೆಂದುಕೊಂಡ ಗಿಟಾರಿಗೂ ವ್ಯತ್ಯಾಸ ಒಂದೇ. ಏಕತಾರಿಯ ಕೋಲು ಒಂದು ತಂತಿಯನ್ನು ಹಿಡಿದುಕೊಂಡರೆ ಸಾಕು, ಹಾಡುವವರಿಗೆ ಅದು ಶ್ರುತಿ ಕೊಡುತ್ತದೆ. ಗಿಟಾರಿನ ದಂಡಿಯ ಮೇಲೆ ಸ್ವರಗಳ ಮನೆ ಕಟ್ಟಬೇಕು. ಅಲ್ಲಿ ಲೆಕ್ಕ ಬೇಕು.

ಸಿಗಾರ್ ಪೆಟ್ಟಿಗೆ ಮನ್ನಳ್ಳಿಯಲ್ಲಿ ಎಲ್ಲಿ ಸಿಗಬೇಕು? ಆಪಾಳ ಮದುವೆಯಲ್ಲಿ ಡ್ರೈಫ್ರೂಟ್ಸ್ ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆಯೊಂದು ಅಮ್ಮಿಯ ಸೂಜಿ ದಾರಕ್ಕೆ ಮನೆಯಾಗಿತ್ತು. ಅಮ್ಮಿಗೆ ಬೇರೆ ಡಬ್ಬಿ ಕೊಟ್ಟು ಅದನ್ನು ಪಡೆದೆ. ದಾದಿಯ ಷರತ್ತು ಒಂದೇ: ಅಜಾನ್ ಹೊತ್ತಿಗೆ ತಂತಿ ಮುಟ್ಟಬಾರದು. ಒಪ್ಪಿಕೊಂಡೆ. ಇನ್ನು ಉಳಿದದ್ದು ದಂಡಿಯ ಕಟ್ಟಿಗೆ. ಅದಕ್ಕೆ ಅಬ್ಬಾನ ಹತ್ತಿರವೇ ಹೋಗಬೇಕು.

ಅಬ್ಬಾ ಬಡಗಿ. ಬಾಗಿಲು, ಚೌಕಟ್ಟು, ಕಿಟಕಿ, ಮಂಚ ಅವರ ಕೆಲಸ. ಈಗ ರೆಡಿಮೇಡ್ ಬಾಗಿಲು, ಕಬ್ಬಿಣದ ಚೌಕಟ್ಟು ಬಂದ ಮೇಲೆ ಕೆಲಸ ಕಡಿಮೆಯಾಗಿದೆ. ನಾನು ಹತ್ತನೇ ಕ್ಲಾಸ್ ಪಾಸಾದ ದಿನ ಅವರು ಹೇಳಿದ್ದು ಇಷ್ಟೇ: “ತೂ ಹಿಸಾಬ್ ಸೀಕ್ ಬೇಟಾ, ಯೇ ಕಾಮ್ ಮೇರೆ ಸಾತಿಚ್ ಖತಮ್.” ನೀನು ಲೆಕ್ಕ ಕಲಿ, ಈ ಕೆಲಸ ನನ್ನ ಜೊತೆಗೇ ಮುಗಿಯಲಿ ಎಂದು. ಕಾಮರ್ಸ್‌ಗೆ ಸೇರಿಸಿದರು. ಅಂದಿನಿಂದ ಉಳಿ, ರಂದಾ ಯಾವುದನ್ನೂ ನನ್ನ ಕೈಗೆ ಕೊಟ್ಟಿರಲಿಲ್ಲ. ಕೈಗೆ ಗಾಯವಾದರೆ ಪರೀಕ್ಷೆ ಹೇಗೆ ಬರೀತಿ ಎನ್ನುತ್ತಿದ್ದರು. ಅಸಲು ಕಾರಣ ಅದಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಗಿಟಾರಿನ ಮಾತು ಎತ್ತಿದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ ಪ್ರಶ್ನೆ: “ತಂತಿ ಎಷ್ಟು ಜಗ್ಗುತ್ತದೆ?” ಉಕ್ಕಿನ ಒಂದೊಂದು ತಂತಿಯೂ 6ರಿಂದ 8 ಕಿಲೋ ಭಾರದಷ್ಟು ಎಳೆಯುತ್ತದೆ, ಮೂರು ತಂತಿ ಹಾಕುತ್ತೇನೆ ಎಂದೆ. “ಅಂದರೆ ಇಪ್ಪತ್ತು ಕಿಲೋ, ಹಗಲೂ ರಾತ್ರಿ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಟ್ಟದಿಂದ ಹಳೆಯ ಸಾಗವಾನಿಯ ಪಟ್ಟಿಯೊಂದನ್ನು ಇಳಿಸಿದರು. ಕೆಡವಿದ ಮನೆಯೊಂದರ ಬಾಗಿಲ ಚೌಕಟ್ಟಿನ ತುಂಡು ಅದು. ಹೊಸ ಕಟ್ಟಿಗೆಯಲ್ಲಿ ಹಸಿ ಉಳಿದಿರುತ್ತದೆ, ನಮ್ಮ ಬೀದರಿನ ಬಿಸಿಲಿಗೆ ಅದು ಸೊಟ್ಟಗಾಗುತ್ತದೆ. ಇದು ಎಷ್ಟೋ ಬೇಸಿಗೆ ಕಂಡಿದೆ, ಬಾಗುವುದಿದ್ದರೆ ಇಷ್ಟರಲ್ಲಿ ಬಾಗಿರುತ್ತಿತ್ತು ಎಂದರು. ಒಂದು ಕಣ್ಣು ಮುಚ್ಚಿ, ಬಂದೂಕು ಹಿಡಿದಂತೆ ಪಟ್ಟಿಯ ಉದ್ದಕ್ಕೂ ನೋಡಿದರು. ಗಂಟಿಲ್ಲದ, ಎಳೆ ನೇರವಾಗಿ ಓಡಿದ ಭಾಗವನ್ನು ಪೆನ್ಸಿಲ್‌ನಿಂದ ಗುರುತಿಸಿದರು. ಎಳೆ ಅಡ್ಡ ಹೋದ ಕಡೆ ಕಟ್ಟಿಗೆ ಸೀಳುತ್ತದಂತೆ.

85 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ. ಇದರಲ್ಲಿ ತುದಿಯ 12 ಸೆಂ.ಮೀ. ತಲೆಗೆ, ಅಲ್ಲಿ ತಂತಿ ಬಿಗಿಯುವ ಮೂರು ಬಿರಡೆಗಳು ಬರುತ್ತವೆ. ತಲೆಯ ಭಾಗವನ್ನು 6 ಮಿ.ಮೀ. ತಗ್ಗಿಸಿದೆವು. ಹಾಗೆ ಮಾಡಿದರೆ ತಂತಿ ಸ್ವಲ್ಪ ಕೆಳಗೆ ಬಾಗಿ, ಮೇಲುಪಟ್ಟಿಯ ಮೇಲೆ ಒತ್ತಿ ಕೂರುತ್ತದೆ. ಮೇಲುಪಟ್ಟಿಗೆ ಒಂದು ಬೋಲ್ಟನ್ನೇ ಅಡ್ಡ ಇಟ್ಟೆವು. ದಂಡಿ ಪೆಟ್ಟಿಗೆಯ ಹೊರಗೇ ನಿಲ್ಲುವುದಿಲ್ಲ, ಒಳಗಿನಿಂದ ಹಾಯ್ದು ಆಚೆ ಬದಿಗೆ ಹೊರಬರುತ್ತದೆ. ತಂತಿಯ ಎಳೆತ ಪೂರಾ ದಂಡಿಯ ಮೇಲೇ ಬೀಳಬೇಕು, ತೆಳ್ಳಗಿನ ಪೆಟ್ಟಿಗೆಯ ಮೇಲೆ ಬೀಳಬಾರದು. ಪೆಟ್ಟಿಗೆಯೊಳಗಿನ ಭಾಗದಲ್ಲಿ ಮುಚ್ಚಳದ ಕೆಳಗೆ 4 ಮಿ.ಮೀ. ಕೆತ್ತಿ ತೆಗೆಯಬೇಕು. ಮುಚ್ಚಳ ಕಟ್ಟಿಗೆಗೆ ತಾಗಿದರೆ ಕಂಪಿಸುವುದಿಲ್ಲ, ಸದ್ದು ಸತ್ತುಹೋಗುತ್ತದೆ. ಆ 4 ಮಿ.ಮೀ. ಕೆತ್ತುವ ಹೊತ್ತಿಗೆ ಅಬ್ಬಾ ಉಳಿಯನ್ನು ನನ್ನ ಕೈಗೆ ಕೊಟ್ಟರು. ಏನೂ ಹೇಳಲಿಲ್ಲ. ನನ್ನ ಎಡಗೈಯನ್ನು ಹಿಡಿದು ಉಳಿಯ ಬಾಯಿಯ ಹಿಂದಕ್ಕೆ ಸರಿಸಿದರು, ಅಷ್ಟೇ.

ಇನ್ನು ಲೆಕ್ಕ. ದಂಡಿಯ ಮೇಲೆ ಅಡ್ಡಲಾಗಿ ಕೂರಿಸುವ ಲೋಹದ ಗೆರೆಗಳಿಗೆ ಫ್ರೆಟ್ ಎನ್ನುತ್ತಾರೆ. ಅದರ ತಂತಿ ಪೇಟೆಯಲ್ಲಿ ಸಿಗದ್ದರಿಂದ ಸೈಕಲ್ ಅಂಗಡಿಯಿಂದ ಹಳೆಯ ಚಕ್ರದ ಕಡ್ಡಿ ತಂದು 4 ಸೆಂ.ಮೀ. ತುಂಡು ಮಾಡಿದೆವು. ಮೇಲುಪಟ್ಟಿಯಿಂದ ಕೆಳಗಿನ ಕುದುರೆಯವರೆಗೆ ತಂತಿಯ ಉದ್ದ 60 ಸೆಂ.ಮೀ. ಇಟ್ಟುಕೊಂಡೆವು. 12ನೇ ಫ್ರೆಟ್ ಸರಿಯಾಗಿ ನಡುವೆ, 30 ಸೆಂ.ಮೀ.ಗೆ ಬರಬೇಕು. ಅರ್ಧ ತಂತಿ ಅದೇ ಸ್ವರವನ್ನು ಒಂದು ಸಪ್ತಕ ಮೇಲೆ ನುಡಿಯುತ್ತದೆ. “ಹಾಗಾದರೆ 30ನ್ನು 12ರಿಂದ ಭಾಗಿಸು, ಎರಡೂವರೆ ಸೆಂಟಿಮೀಟರಿಗೆ ಒಂದು” ಎಂದರು ಅಬ್ಬಾ. ಬಾಗಿಲಿಗೆ ಸರಳು ಕೂರಿಸುವ ಲೆಕ್ಕ ಅದು. ಆದರೆ ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ಪ್ರತಿ ಫ್ರೆಟ್ಟಿಗೂ ಉಳಿದಿರುವ ಉದ್ದವನ್ನು 17.817ರಿಂದ ಭಾಗಿಸಬೇಕು. ಮೊದಲನೆಯದು 3.37 ಸೆಂ.ಮೀ.ಗೆ. ಉಳಿದ 56.63ನ್ನು ಮತ್ತೆ ಭಾಗಿಸಿದರೆ 3.18. ಆಮೇಲೆ 3.00. ಹೀಗೆ ಮನೆಗಳು ಕಿರಿದಾಗುತ್ತಾ ಹೋಗಿ, ಹನ್ನೆರಡನೆಯದು ತಾನಾಗಿಯೇ 30ಕ್ಕೆ ಬಂದು ನಿಲ್ಲುತ್ತದೆ.

ಗೆಳೆಯರೇ, ಇದನ್ನು ನಾವು ಮೊದಲ ಪಿಯುಸಿಯಲ್ಲೇ ಮಾಡಿದ್ದೇವೆ. ಅಕೌಂಟೆನ್ಸಿಯ ಸವಕಳಿ ಅಧ್ಯಾಯ ನೆನಪಿಸಿಕೊಳ್ಳಿ. ಪ್ರತಿ ವರ್ಷ ಒಂದೇ ಮೊತ್ತ ಕಳೆಯುವುದು ಒಂದು ಪದ್ಧತಿ, ಅಬ್ಬಾ ಹೇಳಿದ ಎರಡೂವರೆ ಸೆಂಟಿಮೀಟರ್ ಅದು. ಉಳಿದ ಬೆಲೆಯ ಮೇಲೆ ಪ್ರತಿ ವರ್ಷ ಒಂದೇ ಶೇಕಡಾವಾರು ಕಳೆಯುವುದು ಇನ್ನೊಂದು. ಫ್ರೆಟ್ಟುಗಳದು ಎರಡನೆಯ ಪದ್ಧತಿ, ದರ ಶೇ. 5.61. 60,000 ರೂಪಾಯಿಯ ಯಂತ್ರಕ್ಕೆ ಇದೇ ದರದಲ್ಲಿ 12 ವರ್ಷ ಸವಕಳಿ ಹಾಕಿ ನೋಡಿ, ಹೆಚ್ಚುಕಡಿಮೆ 30,000 ಉಳಿಯುತ್ತದೆ. ಹಿಂದೆ ವಾದ್ಯ ಮಾಡುವವರು 17.817ರ ಬದಲು 18ರಿಂದ ಭಾಗಿಸುತ್ತಿದ್ದರು. ವಿಜ್ಞಾನಿ ಗೆಲಿಲಿಯೊನ ತಂದೆ ವಿನ್ಸೆಂಜೊ 1581ರ ತನ್ನ ಪುಸ್ತಕದಲ್ಲಿ ಈ 18ರ ಲೆಕ್ಕ ಕೊಟ್ಟಿದ್ದಾನೆ. ನಮ್ಮ 60 ಸೆಂ.ಮೀ. ದಂಡಿಯಲ್ಲಿ ಹಾಗೆ ಮಾಡಿದರೆ 12ನೇ ಫ್ರೆಟ್ 2 ಮಿ.ಮೀ. ಹಿಂದೆ ಬೀಳುತ್ತದೆ.

ನಾನು ಬರೆದುಕೊಂಡ ಪಟ್ಟಿಯನ್ನು ಅಬ್ಬಾ ತಿರುಗಿಸಿ ತಿರುಗಿಸಿ ನೋಡಿದರು. ಫ್ರೆಟ್ಟಿನದು ಅರ್ಥವಾಯಿತು, ಈ ಯಂತ್ರದ ಲೆಕ್ಕ ಯಾಕೆ ಎಂದು ಕೇಳಿದರು. ಅವರದೇ ಸಾಮಾನು ಇಟ್ಟುಕೊಂಡು ಹೇಳಿದೆ. ರಂದಾ ಮಶೀನ್ 9,000, ಕಟರ್ 6,000, ಡ್ರಿಲ್ 3,000, ಒಟ್ಟು 18,000. ವರ್ಷಕ್ಕೆ ಶೇ. 20 ಸವೆದರೆ ಮೊದಲ ವರ್ಷ 3,600. ತಿಂಗಳಿಗೆ 300. ತಿಂಗಳಿಗೆ ಆರು ಬಾಗಿಲು ಮಾಡಿದರೆ ಒಂದು ಬಾಗಿಲಿಗೆ 50 ರೂಪಾಯಿ. ಅಬ್ಬಾನ ಚೀಟಿಯಲ್ಲಿ ಕಟ್ಟಿಗೆ ಇರುತ್ತಿತ್ತು, ಸ್ಕ್ರೂ ಇರುತ್ತಿತ್ತು, ದಿನದ ಮಜೂರಿ ಇರುತ್ತಿತ್ತು. ಮಶೀನ್ ಸವೆಯುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಮಶೀನ್ ಕೆಟ್ಟಾಗ ಹೊಸದಕ್ಕೆ ಸಾಲ ಮಾಡುವುದು ನಮ್ಮ ಮನೆಯ ಪದ್ಧತಿ. ಅವತ್ತು ಸಂಜೆ ಇಬ್ಬರೂ ಕೂತು ಒಂದು ವಹಿ ಶುರು ಮಾಡಿದೆವು. ಮುಂದಿನ ಬಾಗಿಲಿನ ರೇಟಿಗೆ 50 ರೂಪಾಯಿ ಸೇರಿತು. ಗಿರಾಕಿ ಯಾಕೆ ಎಂದು ಕೇಳಿದರು. ಅಬ್ಬಾ ಚೀಟಿ ತೋರಿಸಿದರು, ಅವರು ಒಪ್ಪಿದರು.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಮಾತು ಸುತ್ತುತ್ತಿದೆ. ಕೆಲಸ ತನ್ನ ಜೊತೆಗೇ ಮುಗಿಯಲಿ ಎಂದು ಅಬ್ಬಾ ಹೇಳಿದ್ದು ಬೇಸರದಿಂದ. ಆದರೆ ತಂಬೂರಿ, ಸಿತಾರಿನ ದಂಡಿ ಹೇಗೆ ಮಾಡುತ್ತಾರೆಂದು ಹುಡುಕುವಾಗ ನಮ್ಮ ಗಡಿಯಾಚೆಯ ಮಿರಜ್ ಊರಿನ ಕಥೆ ಓದಿದೆ. ಅಲ್ಲಿನ ಶಿಕಲಗಾರ ಮನೆತನದವರು ಮೊದಲು ಕತ್ತಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಆಯುಧಗಳ ಕೆಲಸ ನಿಂತಿತು. ಅವರಲ್ಲೇ ಫರೀದ್ ಸಾಹೇಬ ಎಂಬವರು 19ನೇ ಶತಮಾನದಲ್ಲಿ ತಂಬೂರಿ ಮಾಡುವುದಕ್ಕೆ ಕೈ ಹಾಕಿದರು. ಇಂದು ಆ ಮನೆತನಗಳಿಗೆ ಸಿತಾರ್‌ಮೇಕರ್ ಎಂದೇ ಅಡ್ಡಹೆಸರು. 2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ನಮ್ಮ ಬಿದ್ರಿ ಕಲೆಗೆ ಇರುವ ಜಿಐ ಟ್ಯಾಗ್, ಸಿಕ್ಕಿತು. ಒಂದು ಕಸುಬು ನಿಂತಾಗ ಆ ಕೈಗಳು ಇನ್ನೊಂದು ಕೆಲಸ ಹುಡುಕಿಕೊಂಡವು. ಇದನ್ನು ಅಬ್ಬಾನಿಗೆ ಓದಿ ಹೇಳಿದೆ. “ಅವರಿಗೆ ಗಿರಾಕಿ ಇದ್ದರು” ಎಂದರು. ಅದೂ ನಿಜ. ನಾನು ಬಡಗಿಯಾಗುತ್ತೇನೆ ಎಂದು ಹೇಳುತ್ತಿಲ್ಲ. ಬಿಕಾಂ ಮಾಡಬೇಕು ಎಂದೇ ಇದೆ. ಆದರೆ ಗಿರಾಕಿಯನ್ನು ಹುಡುಕುವುದು, ದರ ನಿಗದಿ ಮಾಡುವುದು, ವಹಿ ಇಡುವುದು ಕಾಮರ್ಸಿನ ಕೆಲಸವೇ ಅಲ್ಲವೇ? ಎರಡೂ ಬೇರೆ ಬೇರೆ ಎಂದು ನಾನೂ ಈಗ ಸುಲಭವಾಗಿ ಒಪ್ಪಲಾರೆ.

ಗಿಟಾರ್ ನುಡಿಯುತ್ತದೆ. ಮೂರು ತಂತಿಗಳನ್ನು ಸ, ಪ, ಮೇಲಿನ ಸ ಎಂದು ಶ್ರುತಿ ಮಾಡಿದ್ದೇನೆ. ಬೇಸಿಗೆ ಕಳೆದರೂ ದಂಡಿ ಕೂದಲೆಳೆಯಷ್ಟೂ ಬಾಗಿಲ್ಲ. ನೀವೂ ಮಾಡಬೇಕೆಂದರೆ ಖರ್ಚು ಇಷ್ಟು: ಬಿರಡೆ 250, ತಂತಿ 180, ಸ್ಯಾಂಡ್‌ಪೇಪರ್ 30, ಅಂಟು 20, ಎರಡು ಬೋಲ್ಟ್ 10. ಒಟ್ಟು 490 ರೂಪಾಯಿ. ಪೆಟ್ಟಿಗೆ, ಕಟ್ಟಿಗೆ, ಸೈಕಲ್ ಕಡ್ಡಿ ಪುಕ್ಕಟೆ ಸಿಕ್ಕವು. ಇದನ್ನೂ ವಹಿಯಲ್ಲಿ ಬರೆದೆ. ಮಜೂರಿಯ ಕಾಲಂ ಖಾಲಿ ಉಳಿಯಿತು. ಅಬ್ಬಾನ ಮೂರು ದಿನದ ಕೆಲಸ, ಖಾಲಿ ಬಿಡುವಂತಿಲ್ಲ, ಎಷ್ಟು ಬರೆಯಲಿ ಎಂದು ಕೇಳಿದೆ. “ಉಧಾರಿ ಬರ್ಕೋ” ಎಂದರು. ಬರೆದುಕೊಂಡಿದ್ದೇನೆ.